ಚಪ್ಪರದ ಕೆಳಗಿನ ಲಿಫ್ಟ್

ಬಾಲ್ ನೇರವಾಗಿ ಬಂದು ಬಿಂದುಶ್ರೀಯ ಮೂಗಿಗೆ ಬಡಿಯಿತು.

"ಸಾರಿ ಅಕ್ಕ!" ಎಂದಳು ಸಿಂಧು.

"ನಿನ್ನ ಸಾರಿ ತಗೊಂಡು ಉಪ್ಪಿನಕಾಯಿ ಹಾಕ್ಲಾ?" ಬಿಂದುಶ್ರೀ ಮೂಗು ಉಜ್ಜಿಕೊಂಡಳು. "ಮೇಲಕ್ಕೆ ಎತ್ತೇ ಅಂದ್ರೆ ಮುಖಕ್ಕೆ ಎಸೀತೀಯಲ್ಲೇ!"

ಪಕ್ಕದಲ್ಲಿದ್ದ ರಮ್ಯ ಕಿಸಕ್ಕನೆ ನಕ್ಕಳು. "ಅಕ್ಕ, ನಾಳೆಯಿಂದ ಹೆಲ್ಮೆಟ್ ಹಾಕ್ಕೊಂಡು ಬಾ."

ವಾಲಿಬಾಲಿನಲ್ಲಿ ಲಿಫ್ಟರ್ ಅಂದರೆ ತಂಡದ ಅಡುಗೆಯವಳಿದ್ದಂತೆ. ಅವಳು ನೆಟ್ಟಿನ ಹತ್ತಿರ ಬಾಲನ್ನು ಹದವಾಗಿ ಎತ್ತಿಕೊಟ್ಟರೆ ಸ್ಮ್ಯಾಷರ್ ಹಾರಿ ಬಡಿಯುತ್ತಾಳೆ. ಅಡುಗೆ ಕೆಟ್ಟರೆ ಎಲ್ಲರೂ ಉಪವಾಸ. ಸೂಲಿಬೆಲೆ ಹತ್ತಿರದ ಈ ಸ್ಕೂಲಿನ ತಂಡ ಒಂದು ತಿಂಗಳಿಂದ ಉಪವಾಸವೇ ಇತ್ತು.

ಸಿಂಧು ಐದನೇ ಕ್ಲಾಸು. ಪಿಟಿ ಟೀಚರ್ ಮಮತ ಮಿಸ್ ಅವಳ ಬೆರಳುಗಳನ್ನು ನೋಡಿ, "ಇವಳೇ ನಮ್ಮ ಲಿಫ್ಟರ್" ಎಂದುಬಿಟ್ಟಿದ್ದರು. ಬೇರೆಯವರು ಎತ್ತಿದ ಬಾಲ್ ಆಕಾಶಕ್ಕೆ ಹೋಗಿ ನಿಧಾನವಾಗಿ ಇಳಿಯುತ್ತದೆ. ಇವಳದು ಹಾಗಲ್ಲ. ನೆಟ್ಟಿನ ಅಂಚು ಸವರಿಕೊಂಡು ಸುಂಯ್ ಎಂದು ಹೋಗುತ್ತಿತ್ತು. ಬಿಂದುಶ್ರೀ ಹಾರುವ ಹೊತ್ತಿಗೆ ಬಾಲ್ ಅವಳನ್ನು ದಾಟಿ, ಬೇಲಿ ದಾಟಿ, ಹಾಲಿನ ಡೈರಿ ಮುಂದೆ ಕ್ಯಾನ್ ಹಿಡಿದು ನಿಂತವರ ಕಾಲ ಬಳಿ ಬೀಳುತ್ತಿತ್ತು.

"ಅಮ್ಮಣ್ಣಿ, ಇದಕ್ಕೆ ಫ್ಯಾಟ್ ಎಷ್ಟು ಬರುತ್ತೆ?" ಎಂದು ಅವರು ಬಾಲನ್ನು ಎತ್ತಿ ತೋರಿಸಿ ನಗುತ್ತಿದ್ದರು.

ಅವತ್ತು ಬಿಂದುಶ್ರೀ ಮಿಸ್ ಹತ್ತಿರ ಹೋದಳು.

"ಇನ್ನೆಷ್ಟು ದಿನ ಕಾಯೋದು ಮಿಸ್? ಹೋಬಳಿ ಮ್ಯಾಚಿಗೆ ಒಂದೇ ವಾರ ಇರೋದು. ರಮ್ಯನ್ನ ಲಿಫ್ಟರ್ ಮಾಡೋಣ. ಅವಳು ಆರನೇ ಕ್ಲಾಸು, ಉದ್ದಾನೂ ಇದ್ದಾಳೆ. ಸುಮ್ನೆ ಮೇಲಕ್ಕೆ ಎತ್ತುತಾಳೆ."

"ಕ್ಯಾಪ್ಟನ್ ನೀನು ತಾನೆ? ನೀನೇ ಡಿಸೈಡ್ ಮಾಡು," ಎಂದರು ಮಮತ ಮಿಸ್. "ಆದ್ರೆ ಸಿಂಧುಗೆ ಹೇಳೋದೂ ನೀನೇ. ನಾನು ಹೇಳಲ್ಲಪ್ಪ."

ಟೀಚರ್‌ಗಳೇ ಹೀಗೆ. ಕಷ್ಟದ ಲೆಕ್ಕ ಬಂದಾಗಲೆಲ್ಲ 'ಮನೇಲಿ ಮಾಡ್ಕೊಂಡು ಬನ್ನಿ' ಅಂತಾರೆ.

ಕಾಯುತ್ತಾ ಕೂರಲು ಬಿಂದುಶ್ರೀಗೆ ಪುರುಸೊತ್ತಿರಲಿಲ್ಲ. ಅವಳು ಏಳನೇ ಕ್ಲಾಸು. ಈ ಸ್ಕೂಲಿನಲ್ಲಿ ಅದೇ ಕೊನೆ. ಮುಂದಿನ ವರ್ಷ ಹೈಸ್ಕೂಲಿಗೆ ಹೋದರೆ ದೊಡ್ಡ ಹುಡುಗಿಯರ ನೀರಿನ ಬಾಟಲಿ ಕಾಯಬೇಕಷ್ಟೆ. ಹೋಬಳಿ ಗೆದ್ದು, ತಾಲ್ಲೂಕು ಮಟ್ಟಕ್ಕೆ ಹೊಸಕೋಟೆಗೆ ಹೋಗಿ ಆಡುವುದಾದರೆ ಈ ವರ್ಷವೇ.

ಭಾನುವಾರ ಅವಳು ಸೈಕಲ್ ಹತ್ತಿ ಸಿಂಧುವಿನ ತೋಟಕ್ಕೆ ಹೊರಟಳು. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಳು: "ನೋಡು ಸಿಂಧು, ಬೇಜಾರ್ ಮಾಡ್ಕೋಬೇಡ..." ಎದುರಿಗೆ ಬಂದ ಎಮ್ಮೆಯೊಂದು ಅದನ್ನು ಕೇಳಿಸಿಕೊಂಡಿತು. ಬೇಜಾರು ಮಾಡಿಕೊಳ್ಳಲಿಲ್ಲ.

ತೋಟದ ತುಂಬ ದ್ರಾಕ್ಷಿ ಚಪ್ಪರ. ಕಲ್ಲು ಕಂಬಗಳ ಮೇಲೆ ತಂತಿ, ತಂತಿಯ ಮೇಲೆ ಬಳ್ಳಿ, ಕೆಳಗೆ ಗೊಂಚಲು ಗೊಂಚಲು ಹಸಿರು ಕಾಯಿ. ದೊಡ್ಡವರು ತಲೆ ಬಗ್ಗಿಸಿಯೇ ಓಡಾಡಬೇಕು.

ಅದರ ಕೆಳಗೆ ಸಿಂಧು ಒಬ್ಬಳೇ ಆಡುತ್ತಿದ್ದಳು. ಬಾಲನ್ನು ಒಂದು ಕಂಬಕ್ಕೆ ಎಸೆದು, ಅದು ಪುಟಿದು ಬಂದಾಗ ಬೆರಳ ತುದಿಯಲ್ಲಿ ಇನ್ನೊಂದು ಕಂಬಕ್ಕೆ ಕಳಿಸುತ್ತಿದ್ದಳು. ಆ ಕಂಬದ ಮೇಲೊಂದು ಸುಣ್ಣದ ಬೊಟ್ಟು. ಟಪ್. ಬೊಟ್ಟಿಗೇ ಬಿತ್ತು. ಮತ್ತೆ ಟಪ್. ಮತ್ತೆ ಬೊಟ್ಟಿಗೇ. ತಲೆಯ ಮೇಲಿನ ಒಂದು ಕಾಯಿಯೂ ಅಲುಗಲಿಲ್ಲ.

ಬಿಂದುಶ್ರೀ ಅಭ್ಯಾಸ ಮಾಡಿಕೊಂಡು ಬಂದ ಮಾತು ಬಿಟ್ಟು ಬೇರೆಯೇ ಕೇಳಿದಳು.

"ಬಯಲಲ್ಲಿ ಆಡೋಕಾಗಲ್ವೇನೇ?"

"ಬಯಲೆಲ್ಲಿದೆ ಅಕ್ಕ? ಎಲ್ಲಾ ಚಪ್ಪರಾನೇ. ಗೊಂಚಲು ಉದುರಿಸಿದ್ರೆ ಉದುರಿಸಿದವರೇ ತಿನ್ಬೇಕು, ಅದು ನಮ್ಮಜ್ಜಿ ರೂಲ್ಸು. ಮೊದಮೊದಲು ದಿನಾ ತಿಂದೆ. ಹೊಟ್ಟೆ ಕೆಟ್ಟು ಸ್ಕೂಲಿಗೆ ರಜ ಹಾಕಿದ್ನಲ್ಲ, ಅದು ಜ್ವರ ಅಲ್ಲ."

"ಕೊಡಿಲ್ಲಿ," ಎಂದು ಬಿಂದುಶ್ರೀ ಬಾಲ್ ತೆಗೆದುಕೊಂಡು ಎತ್ತಿದಳು. ಚಟ್! ಎಲೆ, ಕಡ್ಡಿ, ಒಂದು ಗೊಂಚಲು ಎಲ್ಲಾ ಒಟ್ಟಿಗೆ ತಲೆ ಮೇಲೆ ಬಿತ್ತು.

"ಯಾರೇ ಅದು?" ಕಳೆ ಕೀಳುತ್ತಿದ್ದ ಅಜ್ಜಿ ಮುನಿತಾಯಮ್ಮ ಕುಡುಗೋಲಿನ ಸಮೇತ ಬಂದರು. "ಕ್ಯಾಪ್ಟನ್ನಾ? ತಿನ್ನು ತಾಯಿ, ತಿನ್ನು. ಕ್ಯಾಪ್ಟನ್ ಆದ್ರೂ ಅದೇ ರೂಲ್ಸು."

ಮೊದಲ ಕಾಯಿಗೇ ಬಿಂದುಶ್ರೀಯ ಒಂದು ಕಣ್ಣು ಮುಚ್ಚಿಕೊಂಡಿತು. ಇನ್ನೊಂದರಲ್ಲಿ ನೀರು ಬಂತು.

"ನಿನ್ನ ಬಾಲ್ ನಂಗೆ ಸಿಕ್ಕೋದೇ ಇಲ್ವಲ್ಲೇ," ಎಂದಳು ಹುಳಿ ನುಂಗುತ್ತಾ.

"ನೀನು ನಿಂತ್ಕೊಂಡು ನೋಡ್ತೀಯಲ್ಲಕ್ಕ. ಬಾಲ್ ನನ್ನ ಕೈಗೆ ಬರೋ ಹೊತ್ತಿಗೇ ನೀನು ಓಡೋಕೆ ಶುರು ಮಾಡಿರ್ಬೇಕು."

"ಮತ್ತೆ ಮೊದಲೇ ಯಾಕೆ ಬೊಗಳಲಿಲ್ಲ?"

"ಹೇಳಿದ್ರೆ ಬೈತೀಯಾ ಅಂತ."

ಬಿಂದುಶ್ರೀ ಇನ್ನೊಂದು ಕಾಯಿ ಬಾಯಿಗೆ ಹಾಕಿಕೊಂಡಳು.

ಸೋಮವಾರ ಅವಳು ಮಿಸ್‌ಗೆ, "ಸಿಂಧುನೇ ಇರ್ಲಿ," ಎಂದಳು. ರಮ್ಯಳ ಮುಖ ಬೋಂಡಾದಂತೆ ಊದಿಕೊಂಡಿತು.

ವಾರವೆಲ್ಲಾ ಬಿಂದುಶ್ರೀ ಮೊದಲೇ ಓಡಿದಳು, ಮೊದಲೇ ಹಾರಿದಳು. ಒಮ್ಮೆ ತೀರ ಮೊದಲೇ ಹಾರಿ ನೆಟ್ಟಿನಲ್ಲಿ ಮೀನಿನಂತೆ ಸಿಕ್ಕಿಕೊಂಡಳು. ಅಪರೂಪಕ್ಕೊಮ್ಮೆ ಬಾಲ್ ಕೈಗೆ ಸಿಕ್ಕಾಗ ಮಾತ್ರ, ಅದು ಎಲ್ಲಿ ಬಿತ್ತೆಂದು ಯಾರಿಗೂ ಕಾಣುತ್ತಿರಲಿಲ್ಲ.

ಹೋಬಳಿ ಮ್ಯಾಚಿನ ದಿನ ಮೊದಲ ಸೆಟ್ ಹೋಯಿತು. ಎರಡನೆಯದು ಹೇಗೋ ಸಿಕ್ಕಿತು. ಮೂರನೆಯದರಲ್ಲಿ ಬಿಂದುಶ್ರೀ ಮತ್ತೆ ಮತ್ತೆ ಗಾಳಿಗೆ ಬಡಿದಳು.

"ಲಿಫ್ಟರ್ ಚೇಂಜ್ ಮಾಡ್ರಮ್ಮೋ!" ಎಂದು ಗೆರೆಯಾಚೆ ಯಾರೋ ಕೂಗಿದರು.

ಸಿಂಧು ಕ್ಯಾಪ್ಟನ್ ಮುಖ ನೋಡಿದಳು. "ಅಕ್ಕ, ಮೇಲಕ್ಕೆ ಎತ್ತಲಾ?"

ಎದುರಿನವರು ಗೆಲ್ಲಲು ಒಂದೇ ಪಾಯಿಂಟ್ ಬೇಕಿತ್ತು. ಬಿಂದುಶ್ರೀಯ ಬಾಯಿಗೆ ಹುಳಿ ದ್ರಾಕ್ಷಿಯ ರುಚಿ ಬಂದಂತಾಯಿತು.

"ಬೇಡ. ನಿನ್ನದನ್ನೇ ಕೊಡು."

ಅವಳು ಓಡಿದಳು. ಸುಂಯ್ ಎಂದಿತು, ಢಬ್ ಎಂದಿತು. ಎದುರಿನ ಆರು ಜನ ಇನ್ನೂ ಆಕಾಶದಲ್ಲಿ ಬಾಲ್ ಹುಡುಕುತ್ತಿದ್ದರು. ಅದು ಅವರ ಹಿಂದೆ ಉರುಳಿ ಹೋಗಿತ್ತು.

ಮುಂದಿನ ಬಾಲಿಗೂ ಅವಳು ಹಾಗೇ ಓಡಿದಳು. ಅದು ಅವಳ ಬೆರಳು ಸವರಿ ಹೊರಗೆ ಬಿತ್ತು. ಮ್ಯಾಚ್ ಮುಗಿಯಿತು. ಹೊಸಕೋಟೆಗೆ ಎದುರಿನವರು ಹೊರಟರು.

ವಾಪಸ್ಸು ಹೊರಡಲು ಎಲ್ಲರೂ ಗೂಡ್ಸ್ ಆಟೋ ಹತ್ತಿದರು. ಸಿಂಧು ಮೂಲೆಯಲ್ಲಿ ಕೂತು ಬಾಲಿನ ಮಣ್ಣು ಕೆರೆಯುತ್ತಿದ್ದಳು.

"ನನ್ನಿಂದ್ಲೇ ಅಲ್ವಾ ಅಕ್ಕ?"

ಬಿಂದುಶ್ರೀಗೆ ಅಳು ಬರುವಂತಿತ್ತು. ಆದರೆ ಅಂಗೈ ಇನ್ನೂ ಚುರುಚುರು ಎನ್ನುತ್ತಿತ್ತು, ಆ ಒಂದು ಹೊಡೆತದ್ದು. ಅವಳು ಅಂಗೈಯನ್ನೇ ನೋಡಿಕೊಂಡಳು. ಆಮೇಲೆ ಎದುರಿಗೆ ಮುಖ ಊದಿಸಿ ಕೂತಿದ್ದ ರಮ್ಯಳನ್ನು ನೋಡಿದಳು. ಉದ್ದ ಕೈ, ಉದ್ದ ಕಾಲು. ಇನ್ನೂ ಆರನೇ ಕ್ಲಾಸು.

"ಭಾನುವಾರ ನಿಮ್ಮ ತೋಟಕ್ಕೆ ಬರ್ತೀನಿ," ಎಂದಳು ಸಿಂಧುಗೆ.

"ಯಾಕಕ್ಕ? ಮ್ಯಾಚ್ ಮುಗೀತಲ್ಲ."

"ನಂದು ಮುಗೀತು ಕಣೇ. ಇವಳನ್ನ ಕರ್ಕೊಂಡು ಬರ್ತೀನಿ."

"ನಾನ್ಯಾಕೆ?" ರಮ್ಯ ಸಿಡುಕಿದಳು.

"ಮುಂದಿನ ವರ್ಷ ಇವಳ ಬಾಲ್ ಹೊಡೆಯೋಳು ನೀನು ತಾನೆ?" ಎಂದಳು ಬಿಂದುಶ್ರೀ. "ಅಜ್ಜಿಗೆ ಹೇಳೇ ಸಿಂಧು, ಒಂದು ಒಳ್ಳೆ ಹುಳಿ ಗೊಂಚಲು ಇಟ್ಟಿರ್ಲಿ."