ಆಘಾತಂಬೆ

“ಗಡಿಯಲ್ಲಿ ಎರಡು ಲಾರಿ ಆಘಾತಂಬೆ ಕೊಳೀತಾ ನಿಂತಿದೆಯಂತೆ. ಇದ್ಯಾವ ಹಣ್ಣು, ಸ್ವಲ್ಪ ಹೇಳ್ತೀರಾ?”

ಅಚ್ಚಿನ ಹಾಳೆಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದವನನ್ನು ಅವಳು ಮೊದಲ ಸಲ ನೋಡಿದ್ದು ಹೀಗೆ. ವಿದ್ವಾಂಸರ ಪುಸ್ತಕಗಳನ್ನು ಹೊರತರುವ ಆ ಪ್ರಕಾಶನದಲ್ಲಿ ಅವಳು ವೈದ್ಯಕೀಯ ಪುಸ್ತಕಗಳ ಸಂಪಾದಕಿ, ತೀರಾ ಹೊಸಬಳು. ಅವನು ಎದುರು ಕೋಣೆಯವನು; ಯುದ್ಧ, ಗಡಿ, ದೇಶದ ಭದ್ರತೆ ಕುರಿತ ಪುಸ್ತಕಗಳೆಲ್ಲ ಅವನ ಪಾಲು.

ಹಾಳೆ ನೋಡಿದವಳ ಮುಖ ಬಿಳುಚಿತು. ಹೃದ್ರೋಗದ ಪುಸ್ತಕದ ಲೇಖಕರು ಕಂಡಕಂಡಲ್ಲಿ ‘ದಾಳಿ’ ಎಂದು ಬರೆದಿದ್ದರು. ಅದನ್ನೆಲ್ಲ ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ‘ಆಘಾತ’ ಮಾಡಿದ್ದಳು. ಆದರೆ ಆಗ ಆಫೀಸಿನ ಎಲ್ಲರ ಕಡತಗಳ ನಡುವೆ ತಪ್ಪಿ ತೆರೆದಿದ್ದದ್ದು ಅವನ ಪುಸ್ತಕ... ದಾಳಿಗಳ ಜೊತೆ ಪಾಪದ ದಾಳಿಂಬೆಯೂ ಸಿಕ್ಕಿಹಾಕಿಕೊಂಡಿತ್ತು.

“ಎಲ್ಲಾ ನಾನೇ ಸರಿ ಮಾಡ್ಕೊಡ್ತೀನಿ,” ಅಂದಳು.

“ಬೇಡ, ಇಬ್ರೂ ಕೂರೋಣ. ಒಬ್ಬರನ್ನೇ ಬಿಟ್ರೆ ಸೈನಿಕರಿಗೆಲ್ಲ ರಕ್ತದೊತ್ತಡದ ಮಾತ್ರೆ ಬರೆದುಕೊಟ್ಟೀರಿ.”

ಅವನ ತುಟಿ ನಗಲಿಲ್ಲ. ಕಣ್ಣು ನಕ್ಕಿತು. ಅವಳ ಎದೆಯಲ್ಲಿ ಏನೋ ಮೆಲ್ಲಗೆ ಜಾಗ ಬದಲಿಸಿತು.

ಅಂದಿನಿಂದ ಅವಳು ಅವನಿಗೆ ‘ಆಘಾತಂಬೆ’. “ಆಘಾತಂಬೆಯವರೇ, ಚಹಾ ಆಯ್ತಾ?” ಎಂದು ಅವನು ಬಾಗಿಲಲ್ಲಿ ಇಣುಕದಿದ್ದರೆ ಅವಳಿಗೆ ಬೆಳಗಾದಂತೆಯೇ ಅನಿಸುತ್ತಿರಲಿಲ್ಲ. ಆದರೆ ಅವನು ಅದಕ್ಕಿಂತ ಮುಂದೆ ಒಂದಕ್ಷರ ಆಡಿದವನಲ್ಲ.

ಇತಿಹಾಸ, ತತ್ವಶಾಸ್ತ್ರಗಳ ಪುಸ್ತಕ ನೋಡಿಕೊಳ್ಳುತ್ತಿದ್ದ ಹಿರಿಯ ಸಂಪಾದಕಿಯನ್ನು ಆಫೀಸಿನವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು. ಒಂದು ದಿನ ಆಕೆ ಕನ್ನಡಕದ ಮೇಲಿಂದ ನೋಡಿ, “ಎಷ್ಟೋ ಸಾಮ್ರಾಜ್ಯ ಬಿದ್ದ ಕಥೆ ತಿದ್ದಿದೀನಮ್ಮ. ನೀವಿಬ್ರು ಬೀಳೋದು ನಂಗೆ ಕಾಣಲ್ವಾ?” ಅಂದರು.

“ಹಂಗೇನಿಲ್ಲ ದೊಡ್ಡಮ್ಮ.”

“ಬಿದ್ದೋರೆಲ್ಲ ಮೊದಲು ಹಂಗೇ ಅಂದಿದ್ದು.”

ಅಷ್ಟರಲ್ಲಿ ಬೇರೆ ಊರಿನ ಶಾಖೆಯಿಂದ ಕರೆ ಬಂತು. ಅಲ್ಲಿನ ವೈದ್ಯಕೀಯ ವಿಭಾಗವನ್ನೇ ಅವಳ ಕೈಗೆ ಕೊಡುತ್ತಾರಂತೆ. ಅವಳು ಕನಸು ಕಂಡ ಕೆಲಸ. ಆದರೂ ಮ್ಯಾನೇಜರಿಗೆ ಉತ್ತರ ಕೊಡದೆ ದಿನ ತಳ್ಳಿದಳು. ‘ಒಂದು ಸಲ... ಒಂದೇ ಸಲ ಅವನು ಏನಾದರೂ ಹೇಳಲಿ.’

ಕೇಳಿಯೇ ಬಿಡೋಣ ಎಂದು ಅವನ ಕೋಣೆಯವರೆಗೆ ಹೋದಳು. ಒಳಗೆ ಅವನು ಫೋನಿನಲ್ಲಿದ್ದ.

“ಇಷ್ಟು ದಿನ ಸಹಿಸ್ಕೊಂಡಿದ್ದೇ ಹೆಚ್ಚು. ಆ ಆಘಾತಂಬೆ ಇನ್ನು ನನ್ನ ಕಣ್ಣಿಗೆ ಬೀಳಬಾರದು. ಹೌದು, ಇವತ್ತೇ ತೆಗೆದುಹಾಕಿ.”

ಅವಳು ಬಾಗಿಲ ಹಿಡಿಯಿಂದ ಕೈ ತೆಗೆದಳು. ಮ್ಯಾನೇಜರಿಗೆ ಹೇಳುತ್ತಿದ್ದಾನೆ... ನನ್ನನ್ನು ಕಳಿಸಿಬಿಡಿ ಅಂತ. ಆ ಕೀಟಲೆ, ಆ ಚಹಾ, ಎಲ್ಲ ಬರೀ ಸಹನೆಯಾಗಿತ್ತೇ?

ನೇರ ಮ್ಯಾನೇಜರ ಬಳಿಗೆ ನಡೆದು, “ಹೋಗ್ತೀನಿ ಸರ್,” ಅಂದಳು.

ಮರುದಿನ ಬೆಳಿಗ್ಗೆ ಅವಳು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಗ ಅವನು ಬಂದ. ಕೂದಲು ಕೆದರಿತ್ತು.

“ನನಗೊಂದು ಮಾತು ಹೇಳ್ಬಾರ್ದಿತ್ತಾ? ದೊಡ್ಡಮ್ಮನ ಬಾಯಲ್ಲಿ ಕೇಳ್ಬೇಕಾಯ್ತು.”

“ಕಣ್ಣಿಗೆ ಬೀಳಬಾರದವಳು ಹೇಳೋದೇನಿರುತ್ತೆ? ನಿನ್ನೆ ಬಾಗಿಲಲ್ಲೇ ಇದ್ದೆ ನಾನು.”

ಅವನು ಕುರ್ಚಿಗೆ ಕುಸಿದು ಹಣೆ ಹಿಡಿದುಕೊಂಡ.

“ಅಯ್ಯೋ, ಅದು ಪುಸ್ತಕದ ಪುಟ ಜೋಡಿಸೋರ ಹತ್ರ ಮಾತಾಡಿದ್ದು ಕಣ್ರೀ. ಪುಸ್ತಕದಲ್ಲೆಲ್ಲ ತಿದ್ದಿದ್ವಲ್ಲ, ಒಂದು ನಕ್ಷೆಯೊಳಗೆ ಮಾತ್ರ ಆ ‘ಆಘಾತಂಬೆ’ ಪದ ಉಳಿದುಕೊಂಡಿತ್ತು. ಮೂರು ಸಲ ಹೇಳಿದ್ರೂ ತೆಗೆದಿರಲಿಲ್ಲ.”

ಅವಳು ನಗಬೇಕೆಂದುಕೊಂಡಳು. ಕಣ್ಣೀರು ಮೊದಲು ಬಂತು.

“ಒಪ್ಪಿಕೊಂಡಾಯ್ತು,” ಅಂದಳು. “ಇನ್ನು ಬೇಡ ಅನ್ನೋಕಾಗಲ್ಲ.”

“ಬೇಡ ಅನ್ನಿ ಅಂತ ನಾನ್ಯಾಕೆ ಹೇಳಲಿ? ಅಲ್ಲಿನ ಕುರ್ಚಿ ನಿಮ್ಮದೇ. ಹೋಗಿ. ಆದ್ರೆ... ನನ್ನ ಮೇಲೆ ಕೋಪ ಮಾಡ್ಕೊಂಡು ಹೋಗ್ಬೇಡಿ.”

“ಹೋದ್ರೆ ನಿಮಗೇನು?”

ದೇಶದೇಶಗಳ ಜಗಳ ಬಿಡಿಸಿ ಬರೆಯಿಸುವವನು ಪೆಟ್ಟಿಗೆಯ ಅಂಚನ್ನೇ ನೋಡುತ್ತ ಹೇಳಿದ: “ನನ್ನ ಕೋಣೆಯಿಂದ ನಿಮ್ಮ ಮೇಜು ಕಾಣುತ್ತೆ. ಅದಕ್ಕೇ ಕಿಟಕಿ ಪಕ್ಕದ ಜಾಗ ಕೊಟ್ರೂ ತಗೊಳ್ಳಲಿಲ್ಲ. ಅಷ್ಟೂ ಗೊತ್ತಾಗಲಿಲ್ವಾ ನಿಮಗೆ?”

ಅವಳು ಅವನ ಕೈಮೇಲೆ ಕೈಯಿಟ್ಟಳು.

“ರಜಾ ದಿನ ನೀವು ಅಲ್ಲಿಗೆ ಬನ್ನಿ, ಇಲ್ಲಾ ನಾನು ಬರ್ತೀನಿ,” ಅಂದಳು. “ಮದುವೆ ಆದ್ಮೇಲೆ ಯಾರು ಯಾವೂರಿಗೆ ಅಂತ ನೋಡಿದ್ರಾಯ್ತು.”

“ಮದುವೆನಾ? ನಾನಿನ್ನೂ ಕೇಳೇ ಇಲ್ವಲ್ಲ.”

“ನೀವು ಕೇಳೋಷ್ಟರಲ್ಲಿ ನನ್ನ ರೈಲು ಊರು ಸೇರಿರುತ್ತೆ. ಅದಕ್ಕೇ ಉತ್ತರ ಮೊದಲೇ ಹೇಳಿಬಿಟ್ಟೆ. ಪ್ರಶ್ನೆ... ನಿಧಾನವಾಗಿ ಕೇಳಿ.”