ಅರಮನೆಯ ಬಾಗಿಲಿಗೆ ಮೊದಲು ಕೇಳಿಸಿದ ಗಂಟೆ

ಬಹಳ ಹಿಂದೆ, ಕಾಲವು ಇನ್ನೂ ದಾರದ ಮೇಲೆ ನಡೆಯುತ್ತಿದ್ದಾಗ, ಅಷ್ಟದ್ವಾರವೆಂಬ ಒಂದು ರಾಜ್ಯವಿತ್ತು. ಅದಕ್ಕೆ ಎಂಟು ಬಾಗಿಲು, ಬಾಗಿಲಿಗೊಂದು ಗಂಟೆ. ಊರಿನ ನಡುವೆ ಮಿಡಿತದ ಮನೆ. ಅಲ್ಲಿ ನೀರಿನ ಬಟ್ಟಲೊಂದು ತುಂಬಿ ಮುಳುಗಿದಾಗಲೆಲ್ಲ ಒಂದೇ ಒಂದು ಮಿಡಿತ ಹುಟ್ಟುತ್ತಿತ್ತು. ಅದು ಕೂಸಿನ ನಾಡಿಯಷ್ಟು ಮೆಲ್ಲನೆಯದು. ಎಂಟು ಗಂಟೆಗಳನ್ನು ಎಳೆಯುವ ಬಲ ಅದಕ್ಕಿರಲಿಲ್ಲ. ಆದ್ದರಿಂದ ಮಿಡಿಗಾರನೊಬ್ಬನು ಅದನ್ನು ಬೆರಳ ತುದಿಯಲ್ಲಿ ಪಡೆದು, ಎಂಟು ಬೆಳ್ಳಿದಾರಗಳಿಗೆ ಎಂಟು ಹೊಸ ಮಿಡಿತಗಳಾಗಿ ಕೊಡುತ್ತಿದ್ದನು. ಒಂದನ್ನು ಪಡೆಯಬೇಕು, ಎಂಟನ್ನು ಕೊಡಬೇಕು, ತನ್ನದೆಂದು ಏನನ್ನೂ ಸೇರಿಸಬಾರದು. ಇಷ್ಟೇ ಆ ವಿದ್ಯೆ.

ಮಿಡಿತವು ದಾರದ ಮೇಲೆ ಇರುವೆಯಂತೆ ಸಾಗುತ್ತಿತ್ತು. ಅರಮನೆಯ ಬಾಗಿಲು ಎಲ್ಲಕ್ಕಿಂತ ಹತ್ತಿರ, ತೊಗಲು ಹದಮಾಡುವವರ ಬಾಗಿಲು ಎಲ್ಲಕ್ಕಿಂತ ದೂರ. ಆದರೂ ಎಂಟೂ ಗಂಟೆಗಳು ಒಂದೇ ಕ್ಷಣಕ್ಕೆ ಮೊಳಗಬೇಕು. ಹಿರಿಯರು ಅರಮನೆಯ ದಾರವನ್ನು ಮೂರು ಗೂಟಗಳಿಗೆ ಸುತ್ತಿ ಬಳಸಿ, ದೂರದ ಬಾಗಿಲಿನ ದಾರದಷ್ಟೇ ಉದ್ದ ಮಾಡಿದ್ದರು. ಏಕೆಂದರೆ ಆ ರಾಜ್ಯದಲ್ಲಿ ಪ್ರತಿಯೊಬ್ಬರ ಕೈಯೂ ತಾವು ಹುಟ್ಟಿದ ಬಾಗಿಲಿನ ಗಂಟೆಯ ಮಾತು ಕೇಳುತ್ತಿತ್ತು. ಗಂಟೆಯಾದಾಗ ಕೊಡುವ ಕೈ ಬಿಡುತ್ತಿತ್ತು, ಪಡೆಯುವ ಕೈ ಹಿಡಿಯುತ್ತಿತ್ತು.

ಒಂದು ದಿನ ಮಂತ್ರಿ ತಿಪ್ಪರಸನು ದೊರೆಗೆ ಹೇಳಿದನು: "ಪ್ರಭುಗಳಿಗೂ ತೊಗಲಿನವರಿಗೂ ಒಂದೇ ಕ್ಷಣಕ್ಕೆ ಗಂಟೆ ಕೇಳಿಸುವುದೆ? ಇನ್ನು ಮರ್ಯಾದೆಗೆ ಅರ್ಥವೇನು? ಅರಮನೆಯ ದಾರದ ಸುತ್ತನ್ನು ಕತ್ತರಿಸಿಬಿಡೋಣ."

ದೊರೆ ತಲೆಯಾಡಿಸಿದನು.

ಸತ್ತುಹೋದ ಮಿಡಿಗಾರನ ಮಗಳು ಚಂದಲೆ ಆಗ ಸಭೆಯಲ್ಲಿದ್ದಳು. ಹನ್ನೆರಡು ವರ್ಷ ಆ ವಿದ್ಯೆಯನ್ನು ಕಲಿತವಳು. ತಂದೆಯ ಹುದ್ದೆ ಮಾತ್ರ ಮಂತ್ರಿಯ ಭಾವಮೈದುನನಿಗೆ ಹೋಗಿತ್ತು.

"ಸ್ವಾಮಿ, ಆ ಸುತ್ತು ದಂಡಕ್ಕಿರುವುದಲ್ಲ. ಅದನ್ನು ಕತ್ತರಿಸಿದರೆ ಎರಡು ಗಂಟೆಗಳ ನಡುವೆ ಸಂದು ಬೀಳುತ್ತದೆ" ಎಂದಳು.

"ವಿದ್ಯೆ ಮುಗಿಸಿದ್ದೀಯಂತಲ್ಲ ತಂಗಿ," ತಿಪ್ಪರಸನು ನಕ್ಕನು. "ಹೋಗಿ ಒಲೆಯ ಮುಂದೆ ಒಪ್ಪಿಸು."

ಸಭೆಯೂ ನಕ್ಕಿತು. ದಾರವನ್ನು ಕತ್ತರಿಸಿ, ನೇರವಾಗಿ ಗಂಟು ಹಾಕಿದರು. ಮಿಕ್ಕ ತುಂಡನ್ನು ಬೀದಿಗೆ ಎಸೆದರು. ಚಂದಲೆಯ ಅತ್ತಿಗೆ ಬಾಚವ್ವೆ ತುಂಬು ಬಸುರಿ. ಅದನ್ನು ಆಯ್ದು ತಂದು ತೊಟ್ಟಿಲಿಗೆ ಕಟ್ಟಿದಳು.

ಮೊದಲು ಕೊಡಗಳು ಕಾಣೆಯಾದವು. ಬಾವಿಯ ಬಳಿ ಒಬ್ಬಳು ಕೊಟ್ಟಳು, ಇನ್ನೊಬ್ಬಳು ಕೈ ಚಾಚಿದಳು. ನಡುವೆ ಕೊಡವಿರಲಿಲ್ಲ, ಒಡೆದ ಸದ್ದೂ ಇರಲಿಲ್ಲ. ಆಮೇಲೆ ಅರಮನೆಯ ಬಾಗಿಲಿನವರ ನೆರಳುಗಳು ಅವರಿಗಿಂತ ಮುಂಚೆ ಎದ್ದು ಹೋಗತೊಡಗಿದವು. ಮೂರನೆಯದಾಗಿ, ಬಾಚವ್ವೆಯ ಮಗುವಿನ ನಾಮಕರಣದ ದಿನ ಬಂದಿತು.

ತಾಯಿ ಹೊಸ್ತಿಲಾಚೆಗೆ ಕೂಸನ್ನು ಕೊಡಬೇಕು. ಸೋದರತ್ತೆ ಪಡೆದು ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ಬಾಚವ್ವೆ ಅರಮನೆಯ ಬಾಗಿಲಲ್ಲಿ ಹುಟ್ಟಿದವಳು. ಅಲ್ಲಿನ ಗಂಟೆ ಮೊಳಗಿತು. ಅವಳ ಕೈ ಬಿಟ್ಟಿತು. ಚಂದಲೆ ತೊಗಲಿನವರ ಬಾಗಿಲಲ್ಲಿ ಹುಟ್ಟಿದವಳು. ಅಲ್ಲಿನ ಗಂಟೆ ರೆಪ್ಪೆಯಷ್ಟು ತಡವಾಗಿ ಮೊಳಗಿತು. ಅವಳ ಕೈ ಹಿಡಿಯಿತು. ಅಂಗೈಯಲ್ಲಿ ಕೂಸಿನ ಬಿಸುಪು ಮಾತ್ರ ಇತ್ತು.

"ನನ್ನ ಕೈಯೇ ಬಿಟ್ಟಿತಲ್ಲೇ!" ಎಂದು ಬಾಚವ್ವೆ ಕುಸಿದಳು.

"ತಪ್ಪು ಕೈಯದಲ್ಲ ಅತ್ತಿಗೆ, ದಾರದ್ದು. ಸಂದು ಬಿದ್ದರೆ ಅಲ್ಲಿ ಎಡೆಗಾರನೆಂಬ ಮಾಯಾವಿ ಮನೆ ಮಾಡುತ್ತಾನೆಂದು ಅಪ್ಪ ಹೇಳುತ್ತಿದ್ದ. ಹೆಸರಿಲ್ಲದ ಕೂಸು ಹೊತ್ತು ಮುಳುಗಿದರೆ ಅವನದಾಗುತ್ತದೆ. ಏಳಿ, ತೊಟ್ಟಿಲ ದಾರ ಬಿಚ್ಚಿ."

ಹೊಸ್ತಿಲ ಬಳಿಯೇ ಹಾದುಹೋಗುತ್ತಿದ್ದ ಅರಮನೆಯ ದಾರದ ಗಂಟನ್ನು ತೋರಿಸಿ, ಚಂದಲೆ ತುಂಡಿನ ಎರಡೂ ತುದಿಗಳನ್ನು ಅತ್ತಿಗೆಯ ಕೈಗಿತ್ತಳು. "ಆ ಮೂರು ಗೂಟಗಳೂ ಈಗ ಸಂದಿನೊಳಗಿವೆ. ಮೂರಕ್ಕೂ ಸುತ್ತಿ ಮೂರು ಸಲ ಜಗ್ಗುತ್ತೇನೆ. ಆಗ ಆ ಗಂಟು ಬಿಚ್ಚಿ, ಈ ಎರಡೂ ತುದಿಗಳನ್ನು ಅಲ್ಲಿ ಸೇರಿಸಿ ಕಟ್ಟಿ. ಮೊದಲೇ ಕಟ್ಟಿದರೆ ನಾನು ಅಲ್ಲೇ ಉಳಿಯುತ್ತೇನೆ."

ಅರಮನೆಯ ಗಂಟೆ ಮೊಳಗಿತು. ಇನ್ನೊಂದು ಮೊಳಗುವುದರೊಳಗೆ ಅವಳು ದಾರದ ನಡುಭಾಗವನ್ನು ಹಿಡಿದು ಸಂದಿನೊಳಗೆ ಹೊಕ್ಕಳು.

ಒಳಗೆ ಬೆಳಕಿತ್ತು, ನೆರಳಿರಲಿಲ್ಲ. ಕಾಣೆಯಾದ ಕೊಡಗಳು ಗಾಳಿಯಲ್ಲಿ ನಿಂತಿದ್ದವು. ಬಾಗಿದ ನೀರು ಬಾಗಿದಂತೆಯೇ ಇತ್ತು.

ಮೊದಲ ಗೂಟದ ಮೇಲೆ ಕಣ್ಣಿಲ್ಲದ ಕಾಗೆಯೊಂದು ಕುಳಿತಿತ್ತು. ಅದು ಸತ್ತ ತಂದೆಯ ದನಿಯಲ್ಲಿ, "ಮಗಳೇ, ಒಂದು ಉಸಿರು ನಿಲ್ಲು" ಎಂದಿತು.

"ನನ್ನಪ್ಪ ಒಂದು ಮಿಡಿತಕ್ಕೂ ಒಂದು ಉಸಿರನ್ನು ಸೇರಿಸಿದವನಲ್ಲ" ಎಂದಳು. ನಿಲ್ಲದೆ ದಾರ ಸುತ್ತಿದಳು. ಕಾಗೆ ಬೂದಿಯಾಯಿತು.

ಎರಡನೆಯ ಗೂಟಕ್ಕೆ ಎಂಟು ತಲೆಯ ನಾಯಿಯೊಂದನ್ನು ಕಟ್ಟಿತ್ತು. ಒಂದು ಕೊರಳು ಗೇಣುದ್ದ, ಒಂದು ಮಾರುದ್ದ. "ಎಂಟೂ ಬಾಯಿಗೆ ತುತ್ತು ಕೊಡು. ಕೊನೆಗೆ ತಿಂದ ಬಾಯಿ ನಿನ್ನನ್ನು ತಿನ್ನುತ್ತದೆ" ಎಂದು ಎಂಟೂ ಬಾಯಿಗಳು ಹೇಳಿದವು. ಚಂದಲೆ ಸೆರಗಿನ ರೊಟ್ಟಿಯನ್ನು ಎಂಟು ಪಾಲು ಮಾಡಿದಳು. ಪ್ರತಿ ಬಾಯಿಯಿಂದಲೂ ಅಳೆದು ಒಂದೇ ಗೇಣು ದೂರದಲ್ಲಿ ಇಟ್ಟಳು. ಎಂಟೂ ಒಟ್ಟಿಗೆ ತಿಂದವು. ಕೊನೆಯ ಬಾಯಿ ಎಂಬುದೇ ಇರಲಿಲ್ಲ. ನಾಯಿ ಮಲಗಿತು, ಅವಳು ದಾರ ಸುತ್ತಿದಳು.

ಮೂರನೆಯ ಗೂಟದ ಬಳಿ ಎಡೆಗಾರನು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದನು. ಅವನು ನುಡಿದ ಮೇಲೆ ತುಟಿಗಳು ಅಲುಗುತ್ತಿದ್ದವು.

"ಸುತ್ತು, ಯೋಚಿಸಿ ಸುತ್ತು. ಸಂದು ಮುಚ್ಚಿದರೆ ಇಲ್ಲಿರುವುದೆಲ್ಲ ತನ್ನ ತನ್ನ ಜಾಗಕ್ಕೆ ಹೋಗುತ್ತದೆ. ಜಾಗವಿಲ್ಲದ್ದು ಇಲ್ಲವಾಗುತ್ತದೆ. ಹೊರಗೆ ನಿನಗೆ ಯಾವ ಜಾಗವಿದೆ, ಹುಡುಗಿ? ಅವರು ನಿನ್ನನ್ನು ನೋಡಿ ನಕ್ಕರು. ಇಲ್ಲಿರು. ನನ್ನ ಮಿಡಿಗಾರ್ತಿಯಾಗು."

ಚಂದಲೆಯ ಕೈ ಒಮ್ಮೆ ತಡೆಯಿತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"ಆ ಕೂಸಿನ ಕಿವಿಯ ಬಳಿ ನನಗೊಂದು ಜಾಗವಿದೆ," ಎಂದಳು. "ಹೆಸರಿಡಬೇಕಾದವಳು ನಾನು."

ಅವಳು ಮೂರನೆಯ ಸುತ್ತು ಸುತ್ತಿದಳು. ಒಂದು ಸಲ ಜಗ್ಗಿದಳು, ಎರಡು ಸಲ ಜಗ್ಗಿದಳು, ಮೂರು ಸಲ ಜಗ್ಗಿದಳು. ಹೊರಗೆ ಬಾಚವ್ವೆ ಗಂಟು ಬಿಗಿದಳು.

ಎಡೆಗಾರನು ಬಾಗಿಲಿನಷ್ಟು ಕಿರಿದಾದನು, ಹಲಗೆಯಷ್ಟು ಕಿರಿದಾದನು, ಕೂದಲೆಳೆಯಷ್ಟು ಕಿರಿದಾದನು. ಅವನ ಚೀತ್ಕಾರ ಮೊದಲು ಕೇಳಿಸಿತು. ಬಾಯಿ ತೆರೆಯಲು ಸ್ಥಳ ಉಳಿಯಲಿಲ್ಲ.

ಎಂಟು ಗಂಟೆಗಳೂ ಒಮ್ಮೆಗೇ ಮೊಳಗಿದವು. ಕೊಡಗಳು ಕೈಗಳಿಗೆ ಬಂದವು. ಹೊಸ್ತಿಲ ಈಚೆ ಬಾಚವ್ವೆಯ ಕೈಗಳಿದ್ದವು, ಆಚೆ ಚಂದಲೆಯ ಕೈಗಳಿದ್ದವು, ನಡುವೆ ಕೂಸಿತ್ತು. ಒಂದು ಬಿಟ್ಟಿತು, ಒಂದು ಹಿಡಿಯಿತು. ಹೊತ್ತು ಮುಳುಗುತ್ತಿರಲು ಅವಳು ಕಿವಿಯಲ್ಲಿ ಹೇಳಿದಳು: "ಹರಿಯಲೆ, ಹರಿಯಲೆ, ಹರಿಯಲೆ."

ದೊರೆ ಚಂದಲೆಗೆ ಮಿಡಿತದ ಮನೆಯನ್ನು ಒಪ್ಪಿಸಿದನು. ಅದು ಔದಾರ್ಯವಲ್ಲ, ಆ ಕೆಲಸ ಬರುವವರು ಬೇರೆ ಇರಲಿಲ್ಲ. ತಿಪ್ಪರಸನಿಗೆ ಬದುಕಿರುವವರೆಗೂ ಮೂರು ಗೂಟಗಳ ಧೂಳೊರೆಸುವ ಕೆಲಸ ಸಿಕ್ಕಿತು. ಹರಿಯಲೆ ಬೆಳೆದಳು, ಆ ಗೂಟಗಳ ಬಳಿ ಮಾತ್ರ ಯಾರದೋ ಮಾತಿಗೆ ಕಿವಿಗೊಟ್ಟವಳಂತೆ ಸುಮ್ಮನಾಗುತ್ತಿದ್ದಳು.

ಅಂದಿನಿಂದ ಅಷ್ಟದ್ವಾರದಲ್ಲಿ ಕೊಟ್ಟದ್ದೆಲ್ಲ ಪಡೆಯುವವರಿಗೆ ತಲುಪಿತು. ಎಂಟು ಬಾಗಿಲಿನವರೂ ಸುಖವಾಗಿದ್ದರು, ಯಾರೂ ಯಾರಿಗಿಂತ ಒಂದು ಕ್ಷಣವೂ ಮೊದಲಲ್ಲ.