ಅಯ್ಯನವರ ಮನೆಯ ಮೇಲಿನ ನೀಲಿ ಚುಕ್ಕಿ

ಮಾಗಿ ಚಳಿಯ ದಿನಗಳು. ಮುರುಮ್ ಊರಿನಲ್ಲಿ ಕಬ್ಬು ಅರೆಯುವ ಹಂಗಾಮು ಜೋರಾಗಿತ್ತು. ಹೊತ್ತು ಹುಟ್ಟಿತ್ತು, ಬಿಸಿಲಿಗೆ ಇನ್ನೂ ಕಾವು ಬಂದಿರಲಿಲ್ಲ. ಇದು ಶುರುವಾದದ್ದು ಅಂಥ ಒಂದು ಮುಂಜಾನೆ.

ಮಲಕಮ್ಮನ ಮಗಳು ವಿಜಯಶ್ರೀ, ತಾಯಿ ನೂತ ಉಣ್ಣೆಯ ಕಂಬಳಿಗಳನ್ನು ಫೋನಿನಲ್ಲಿ ತೋರಿಸಿ ಮಾರುತ್ತಿದ್ದಳು. ಅಂದು ಉಮರಗಾದ ಗಿರಾಕಿಯೊಬ್ಬನಿಗೆ ಲೋಕೇಶನ್ ಕಳಿಸಿ ಬಾಗಿಲಲ್ಲಿ ಕಾಯುತ್ತಿದ್ದಳು. ಕಾರು ಓಣಿಯ ಬಾಯಿಗೆ ಬಂದದ್ದೂ ಕಂಡಿತು. ಅಷ್ಟರಲ್ಲಿ ಒಂದು ಕುರಿ ಹಿಂಡು ಓಣಿ ತುಂಬ ಹರಡಿಕೊಂಡಿತು. ಕಾರು ಹಾರ್ನ್ ಹೊಡೆದು ಹೊಡೆದು, ಹಿಂದೆ ಸರಿದು ಹೋಗಿಯೇ ಬಿಟ್ಟಿತು.

ಹಿಂಡಿನ ಹಿಂದೆ ಬಂದವನು ಉಮಾಕಾಂತ. ಎತ್ತರದ ಆಳು, ತಲೆಗೆ ಕೆಂಪು ರುಮಾಲು.

"ನಿಮ್ಮ ಕುರಿ ನನ್ನ ಗಿರಾಕಿಗಿ ಓಡಸ್ಯಾವ ನೋಡ್ರಿ" ಎಂದಳು ವಿಜಯಶ್ರೀ.

"ನನ್ನ ಕುರಿ ದಿನಾ ಹೊಸ ಊರಿಗಿ ಹೋಗ್ತಾವ, ದಾರಿ ತಪ್ಪಂಗಿಲ್ಲ. ನಿಮ್ಮ ಗಿರಾಕಿ ಕೈಯಾಗ ನಕಾಶಿ ಹಿಡಕೊಂಡು ಬಂದು ವಾಪಸ್ ಹೋದ. ತಪ್ಪು ಯಾರದ್ರೀ?"

ಮೈ ಉರಿಯಿತು ಅವಳಿಗೆ. ಅವನ ಮಾನ ಕಳೆಯಬೇಕೆಂದೇ ಹಿಂಡಿನ ವಿಡಿಯೋ ಮಾಡಿ ಎಲ್ಲರಿಗೂ ಕಾಣುವಂತೆ ಫೋನಿನಲ್ಲಿ ಹಾಕಿದಳು. ಆದದ್ದು ಬೇರೆ. ನೋಡಿದ ರೈತರೆಲ್ಲ, ಈ ಹಿಂಡು ಈಗ ಎಲ್ಲಿದೆ, ನಮ್ಮ ಹೊಲಕ್ಕೆ ಬರುತ್ತದೆಯೇ ಎಂದು ಕೇಳತೊಡಗಿದರು. ರಾತ್ರಿ ಹೊಲದಲ್ಲಿ ಕುರಿ ಕೂಡಿಸಿದರೆ ಅವುಗಳ ಹಿಕ್ಕೆಯೇ ಗೊಬ್ಬರ. ಅದಕ್ಕಾಗಿ ರೈತರು ಕುರಿಗಾರನನ್ನು ಹುಡುಕಿಕೊಂಡು ಊರೂರು ತಿರುಗುತ್ತಿದ್ದರು. ಇನ್ನು ತಿರುಗುವುದು ಬೇಡವಾಯಿತು.

ವಿಜಯಶ್ರೀ 'ಉಮಾಕಾಂತನ ಹಿಂಡು' ಎಂದು ಪೇಜ್ ತೆರೆದಳು. ಅವನ ಫೋನ್ ಇರುವ ಜಾಗ ತನ್ನ ಫೋನಿನ ನಕಾಶೆಯಲ್ಲಿ ನೀಲಿ ಚುಕ್ಕಿಯಾಗಿ ಕಾಣುವಂತೆ ಮಾಡಿಕೊಂಡು, ಹಿಂಡು ಇರುವ ಊರನ್ನು ಪೇಜಿನಲ್ಲಿ ಹಾಕುವಳು. ಹಿಂಡು ಹತ್ತಿರದಲ್ಲಿದ್ದಾಗ ಹೋಗಿ ಅವನ ವಿಡಿಯೋ ತೆಗೆಯುವಳು. ಕೆಂಪು ರುಮಾಲಿನ ಆ ನಗುಮುಖ ಸುತ್ತ ತಾಲೂಕುಗಳಿಗೆಲ್ಲ ಪರಿಚಯವಾಯಿತು. ಹಿಂಡಿಗೆ ಒಂದು ದಿನವೂ ಬಿಡುವು ಇರಲಿಲ್ಲ.

ಜಗಳದಲ್ಲಿ ಹುಟ್ಟಿದ ಮಾತು ಬೇರೆ ಕಡೆ ಹೊರಳಿತು. ಉಮಾಕಾಂತನ ಅಣ್ಣ ಗುರಣ್ಣ ಬಂದು ಮಲಕಮ್ಮನ ಜೊತೆ ಕೂತು ಸಂಬಂಧ ಗಟ್ಟಿ ಮಾಡಿ ಸಕ್ಕರೆ ಹಂಚಿದ. ಬೇಸಿಗೆಯಲ್ಲಿ ಮದುವೆ. ಹಿಂಡು ನಿಲಂಗಾ ಕಡೆ ಹೊರಡುವಾಗ ವಿಜಯಶ್ರೀ ಅವನಿಗೆ ಒಂದು ಪವರ್ ಬ್ಯಾಂಕ್ ಕೊಟ್ಟಳು. ಫೋನ್ ಎಂದೂ ಬಂದ್ ಆಗಬಾರದು ಎಂದಳು.

ನಿಲಂಗಾದ ಹತ್ತಿರದ ಒಂದು ಊರಲ್ಲಿ ಪಂಚಯ್ಯ ಎಂಬ ಅಯ್ಯನವರ ಮನೆ. ಅವರ ಮಗಳು ಶೈಲಶ್ರೀ ಓದಿದವಳು, ಸಾವಯವ ಬೆಲ್ಲ ಮಾಡಿ ಫೋನಿನಲ್ಲಿ ಹೆಸರು ಮಾಡಿದ್ದಳು. ಹಿಂಡನ್ನು ತಮ್ಮ ಹೊಲಕ್ಕೆ ಕರೆಸಿಕೊಂಡಳು. ಮರುದಿನವೇ ಅವಳ ಪೇಜಿನಲ್ಲಿ ವಿಡಿಯೋ ಬಂತು. ಶೈಲಶ್ರೀಯ ತೋಳಲ್ಲಿ ಕುರಿಮರಿ, ಪಕ್ಕದಲ್ಲಿ ಉಮಾಕಾಂತ.

ಕೆಳಗೆ ಯಾರೋ ಬರೆದಿದ್ದರು, ಜೋಡಿ ಛಂದ ಅದ ಎಂದು. ಅದಕ್ಕೆ ನೂರಾರು ಜನ ಹೂಂ ಎಂದಿದ್ದರು.

ವಿಜಯಶ್ರೀಯ ಎದೆಯಲ್ಲಿ ಕೆಂಡ ಬಿದ್ದಂತಾಯಿತು. 'ಈ ಮುಖಕ್ಕೆ ಹೆಸರು ತಂದವಳು ನಾನು… ಪಕ್ಕದಲ್ಲಿ ನಿಂತವಳು ಅವಳು.'

ಆಮೇಲೆ ಚುಕ್ಕಿ ನೋಡುವುದೇ ಅವಳ ಕೆಲಸವಾಯಿತು. ಹಗಲು ಚುಕ್ಕಿ ಹೊಲಗಳಲ್ಲಿ ಅಲೆಯುತ್ತಿತ್ತು. ಸಂಜೆಯಾದರೆ ಹೊಲ ಬಿಟ್ಟು ಊರೊಳಗೆ ಬಂದು, ಅಯ್ಯನವರ ಮನೆಯ ಮೇಲೆ ಕೂತುಬಿಡುತ್ತಿತ್ತು. ಮುಂಜಾನೆವರೆಗೂ ಅಲ್ಲೇ. ದಿನವೂ ಅಲ್ಲೇ.

'ಕುರಿ ಬಿಟ್ಟು ಕುರಿಗಾರ ಊರೊಳಗೆ ಮಲಗುತ್ತಾನೆಯೇ? ಮಲಗಿದರೆ ಯಾಕೆ ಮಲಗುತ್ತಾನೆ…'

ಒಂದು ಸಂಜೆ ತಡೆಯಲಾಗದೆ ಉಮಾಕಾಂತನಿಗೆ ಫೋನ್ ಹಚ್ಚಿದಳು. ಎತ್ತಿದ್ದು ಹೆಣ್ಣು ದನಿ. "ಹಲೋ, ಯಾರ್ರೀ?" ಎಂದಿತು. ವಿಜಯಶ್ರೀ ಮುಂದಿನ ಮಾತು ಕೇಳಲೇ ಇಲ್ಲ, ಕತ್ತರಿಸಿದಳು.

ಆ ಸಿಟ್ಟಿನಲ್ಲೇ ಪೇಜ್ ತೆರೆದು, ಹಿಂಡು ನಿಲಂಗಾ ಬಿಟ್ಟಿದೆ, ಈಗ ಉದಗೀರದಲ್ಲಿದೆ ಎಂದು ಹಾಕಿದಳು. ಸುಳ್ಳು ಜಾಗದ ಗುರುತನ್ನೂ ಹಚ್ಚಿದಳು. ಅವನು ಆ ಮನೆಯಿಂದ ಏಳಬೇಕು, ಅಷ್ಟೇ ಅವಳಿಗೆ ಬೇಕಾದದ್ದು.

ಆದರೆ ಕೆಟ್ಟದ್ದು ಹಿಂಡಿನ ಹೆಸರು. ಉದಗೀರದ ರೈತರು ಹೊಲ ಹಸನು ಮಾಡಿ ಕಾದರು. ಗುರುತಿನ ಜಾಗಕ್ಕೆ ಹೋದವರಿಗೆ ಒಂದು ಕುರಿಯೂ ಕಾಣಲಿಲ್ಲ. ಫಸವಣೂಕ, ಮೋಸ ಎಂದು ಪೇಜಿನ ತುಂಬ ಬರೆದರು. ನಿಲಂಗಾ ಕಡೆಯ ರೈತರು ಹಿಂಡು ಹೋಯಿತೆಂದು ಬೇರೆ ಕುರಿಗಾರರನ್ನು ಕರೆಸಿಕೊಂಡರು. ಅಯ್ಯನವರ ಹೊಲದ ಸರದಿ ಮುಗಿದ ಮೇಲೆ ಉಮಾಕಾಂತನಿಗೆ ಕುರಿ ಕೂಡಿಸಲು ನೆಲವೇ ಇಲ್ಲದಾಯಿತು. ಹಿಂಡು ರಸ್ತೆ ಬದಿಯಲ್ಲಿ ನಿಂತಿತು.

ಆಗ ಪೇಜಿನ ನಂಬರಿಗೆ ಶೈಲಶ್ರೀಯೇ ಫೋನ್ ಮಾಡಿದಳು.

"ಈ ಪೇಜ್ ನೀವೇ ನೋಡ್ತೀರೇನ್ರೀ? ಉಮಾಕಾಂತಣ್ಣ ಇಲ್ಲೇ ರಸ್ತಾದ ಮ್ಯಾಲ ನಿಂತಾನ, ನೀವು ಉದಗೀರ ಅಂತ ಹಾಕೀರಿ. ಅಂವಂಗ ಕೇಳಿದ್ರ ಏನೂ ಹೇಳವಲ್ಲ. ಫೋನ್ ಸುದ್ಧಾ ಇನ್ನೂ ನಮ್ಮ ಮನ್ಯಾಗೇ ಚಾರ್ಜಿಗಿ ಅದ."

"ಚಾರ್ಜಿಗಿ?"

"ಹೊಲದಾಗ ಕರೆಂಟ್ ಎಲ್ಲಿದು? ದಿನಾ ಸಂಜೀಕ ನಮ್ಮ ಅಪ್ಪಾರ ಕೈಯಾಗ ಕೊಟ್ಟು ಕಳಸ್ತಾನ. ಪವರ್ ಬ್ಯಾಂಕ್ ಇತ್ತಂತ, ಕುರಿ ನೀರು ಕುಡಿಯೋ ಡೋಣ್ಯಾಗ ಬಿದ್ದು ಕೆಟ್ಟದಂತ. ಕೊಟ್ಟಾಕಿಗಿ ಹೇಳಬ್ಯಾಡ್ರಿ, ಮನಸಿಗಿ ಹಚ್ಚಿಕೋತಾಳ ಅಂದಾನ." ತಡೆದು ಮೆಲ್ಲಗೆ ಕೇಳಿದಳು. "ಆಕಿ… ನೀವೇನ್ರೀ?"

"ನಾನೇರೀ" ಎಂದಳು ವಿಜಯಶ್ರೀ.

ಮರುದಿನ ಉಮರಗಾದಲ್ಲಿ ಬಸ್ಸು ಬದಲಿಸಿ ನಿಲಂಗಾಕ್ಕೆ ಹೋದಳು. ಉಮಾಕಾಂತ ಜಾಲಿ ಮರದ ಕೆಳಗೆ ಕೂತು, ಕೋಲಿನಿಂದ ಮಣ್ಣು ಕೆದಕುತ್ತಿದ್ದ.

"ಉದಗೀರ ಅಂತ ಹಾಕಿದಾಕಿ ನಾನೇ."

"ಗೊತ್ತದ."

"ಮತ್ತ ರೈತರಿಗಿ ಯಾಕ ಹೇಳಲಿಲ್ರೀ?"

"ಏನಂತ ಹೇಳ್ಲಿ? ನನ್ನ ಹೆಣ್ತಿ ಆಗಾಕಿ ಸುಳ್ಳ ಹಾಕ್ಯಾಳ ಅಂತೇನು? ನನ್ನದೇ ತಪ್ಪು ಅಂದೆ. ಬೈದ್ರು, ಬೈಸ್ಕೊಂಡೆ."

ಅವಳ ಕಣ್ಣು ತುಂಬಿ ಬಂತು.

"ನೀ ನನಗ ಬೈದಿದ್ರ ಆಗ್ತಿತ್ತು, ವಿಜಿ. ಹಿಂಡಿನ ಮ್ಯಾಲ ಯಾಕ ತೀರಿಸ್ಕೊಂಡಿ? ನಿನ್ನಿ ಕುರಿ ಹೊಟ್ಟಿ ತುಂಬ ಮೇದಿಲ್ಲ."

ಆ ಮಾತು ಏಟಿಗಿಂತ ಜೋರಾಗಿ ತಾಗಿತು. ತಡೆದಿಟ್ಟದ್ದೆಲ್ಲ ಹೊರಬಿತ್ತು.

"ರಾತ್ರಿಯೆಲ್ಲ ನಿಮ್ಮ ಚುಕ್ಕಿ ಆಕಿ ಮನಿ ಮ್ಯಾಲೇ ಇತ್ತು, ಫೋನ್ ಹಚ್ಚಿದ್ರ ಹೆಣ್ಣ ದನಿ ಬಂತು. ಆಕಿ ನಿಮ್ಮ ಬಾಜೂಕ ನಿಂತಿದ್ಲು. ನಿಮ್ಮ ಇಷ್ಟು ವಿಡಿಯೋ ನಾ ತೆಗೆದೀನಿ, ಒಂದರಾಗೂ ನಾ ಇಲ್ಲ. ಊರೆಲ್ಲ ಆಕಿಗೇ ಜೋಡಿ ಅಂತು…"

ಉಮಾಕಾಂತ ಮೊದಲ ಸಲ ತಲೆ ಎತ್ತಿದ.

"ಆ ವಿಡಿಯೋ ಸರ್ಯಾಗಿ ನೋಡೀಯೇನು? ಗ್ವಾಡಿ ಹಂಗ ನಿಂತೀನಿ. ನಿನ್ನ ವಿಡಿಯೋದಾಗ ನಗ್ತೀನಿ ಅಂದ್ರ, ಫೋನ್ ಹಿಡಕೊಂಡಾಕಿನ್ನ ನೋಡಿ ನಗ್ತೀನಿ. ಜನ ನೋಡಿದ್ದು ಆ ನಗಿ."

ವಿಜಯಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು. ಫೋನ್ ತೆಗೆದು, ಅದೇ ಪೇಜಿನಲ್ಲಿ, ಮೊದಲ ಸಲ ತನ್ನ ಮುಖ ತೋರಿಸಿದಳು.

"ನಾ ವಿಜಯಶ್ರೀ, ಮುರುಮದಾಕಿ. ಹಿಂಡು ಉದಗೀರಕ್ಕ ಹೋಗಿರಲಿಲ್ಲ. ಹೊಟ್ಟಿಕಿಚ್ಚಿಲೆ ನಾ ಸುಳ್ಳ ಹಾಕ್ದೆ. ಕುರಿಗಾರಂದು ಏನೂ ತಪ್ಪಿಲ್ಲ. ಬೈಯೋರು ನನಗ ಬೈರಿ."

ಬೈದರು. ನಕ್ಕರು. ನಿಲಂಗಾದ ಕೆಲವರು ಮತ್ತೆ ಆ ಹಿಂಡನ್ನು ಕರೆಯಲೇ ಇಲ್ಲ. ಆದರೆ ಮರುದಿನ, ವಿಜಯಶ್ರೀ ಇನ್ನೂ ಅಯ್ಯನವರ ಮನೆಯಲ್ಲೇ ಇದ್ದಾಗ, ಉದಗೀರದಿಂದ ಭೀಮಶಾ ಎಂಬ ರೈತನ ಫೋನ್ ಬಂತು. ಮೊದಲು ಮನಸಾರೆ ಬೈದು, ತನ್ನ ಹೊಲ ಇನ್ನೂ ಖಾಲಿ ಇದೆ, ಈ ಸಲವಾದರೂ ಬನ್ನಿ ಎಂದ.

ಹಿಂಡು ಎದ್ದಿತು. ಶೈಲಶ್ರೀ ಬಂದು ದಾರಿಗೆಂದು ಬೆಲ್ಲದ ಗಂಟು ವಿಜಯಶ್ರೀಯ ಕೈಗೇ ಕೊಟ್ಟಳು. ವಿಜಯಶ್ರೀ "ಅಕ್ಕಾ" ಎಂದು ಅವಳ ಕೈ ಹಿಡಿದುಕೊಂಡಳು.

ಹೊರಡುವ ಮುಂಚೆ ಉಮಾಕಾಂತ ಕೇಳಿದ.

"ಇನ್ನ ದಿನಾ ಚುಕ್ಕಿ ನೋಡಕೋತ ಕೂಡ್ತೀ?"

"ಇಲ್ರೀ. ಹಿಂಡು ಯಾವ ಊರಾಗದ ಅನ್ನೂದು ರೈತರಿಗಿ ಇರಲಿ. ನೀವೆಲ್ಲಿ ಅದೀರಿ ಅಂತ ನಿಮ್ಮ ಬಾಯಿಲೆ ಕೇಳ್ತೀನಿ."

"ಯಾರದರೆ ಮನ್ಯಾಗ ಫೋನ್ ಚಾರ್ಜಿಗಿ ಇದ್ರ?"

"ಎತ್ತಿದೋರ ಮಾತು ಪೂರಾ ಕೇಳ್ತೀನಿ."

ಅವನು ನಕ್ಕ. ವಿಜಯಶ್ರೀ ಉಮರಗಾದ ಬಸ್ಸು ಹತ್ತಿದಳು. ಅಂದು ಗುರುವಾರ. ಉಮಾಕಾಂತ ಹಿಂಡು ಕಟ್ಟಿಕೊಂಡು ಶಿರೂರ ಅನಂತಪಾಳದ ದಾರಿ ಹಿಡಿದು ಉದಗೀರಕ್ಕೆ ಹೋದ.